ಎತ್ತು ಗೆಲ್ಲುವ ಮೊದಲೇ ಬಾಲ ಹಿಡಿಸುವವರು

ಈಗಿನ ವಿಧಾನಸಭೆಯ ಅವಧಿ ಮುಗಿಯುವುದು 2028ರ ಮೇ ತಿಂಗಳಲ್ಲಿ. ಆದರೆ ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಆ ಚಿತ್ರ ಆಗಲೇ ಬಂದಿರಬಹುದು. ಮೇಲೆ ವಿಧಾನಸೌಧ, ಕೆಳಗೆ ಮೂರು ಪಕ್ಷದ ಚಿಹ್ನೆ, ಪಕ್ಕದಲ್ಲಿ ಅಂಕಿ. "ಇತ್ತೀಚಿನ ಸರ್ವೆ: ಸಾಗರದಲ್ಲಿ ಯಾರು? ತೀರ್ಥಹಳ್ಳಿಯಲ್ಲಿ ಯಾರು?" ಇವತ್ತು ಬರದಿದ್ದರೆ ನಾಳೆ ಬರುತ್ತದೆ. ಚುನಾವಣೆ ಹತ್ತಿರ ಬಂದಂತೆ ದಿನಕ್ಕೆ ನಾಲ್ಕು ಬರುತ್ತವೆ.

ಅದು ಬಂದ ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಏನು ಮಾತಾಗುತ್ತದೆ ಎಂದು ನಿಮಗೇ ಗೊತ್ತು.

"ಈ ಸಲ ಅವ್ರದ್ದೇ ಅಂತೆ ಮಾರಾಯ, ಸರ್ವೆ ಬಂದಿದೆ."

"ಹೌದನಾ? ಹಂಗಾದ್ರೆ ಇವ್ರಿಗೆ ಹಾಕಿ ಎಂತ ಪ್ರಯೋಜನ?"

ಎರಡೇ ಮಾತು. ಯಾರೂ ಹಣ ಕೊಡಲಿಲ್ಲ, ಸೀರೆ ಹಂಚಲಿಲ್ಲ, ಬೆದರಿಸಲಿಲ್ಲ. ಆದರೂ ಒಂದು ಓಟು ಜಾಗ ಬಿಟ್ಟು ಕದಲಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಎನ್ನುತ್ತಾರಲ್ಲ, ಅದಾದರೂ ಎತ್ತು ಗೆದ್ದ ಮೇಲಿನ ಮಾತು. ಇಲ್ಲಿ ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇದೆ. ಬಾಲವನ್ನು ಆಗಲೇ ನಮ್ಮ ಕೈಗೆ ಕೊಟ್ಟಾಗಿದೆ.

ನನ್ನ ವಾದ ಇಷ್ಟೇ. ರಾಜ್ಯಕ್ಕೆಂದು ಮಾಡಿದ ಸಮೀಕ್ಷೆಗೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಹೇಳುವ ಶಕ್ತಿ ಇಲ್ಲ. ಹೇಳುತ್ತೇನೆ ಎನ್ನುವವರು ಒಂದೋ ಲೆಕ್ಕ ತಿಳಿಯದವರು, ಇಲ್ಲವೇ ಬೇಕೆಂದೇ ಹೇಳುತ್ತಿರುವವರು. ಅದನ್ನು ನಂಬಿ ಓಟು ಬದಲಿಸಿದರೆ ನಷ್ಟ ನಮಗೆ, ಅವರಿಗಲ್ಲ.

ನಾನೂ ಫಾರಂ ತುಂಬಿದ್ದೇನೆ

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕೆಲವು ದಿನ ನಾನೂ ಸರ್ವೆ ಕೆಲಸಕ್ಕೆ ಹೋಗಿದ್ದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಹೇಳಿ ಉಪಯೋಗವೂ ಇಲ್ಲ. ಒಂದು ಟ್ಯಾಬ್ ಕೊಟ್ಟರು, ಅರ್ಧ ದಿನ ತರಬೇತಿ ಕೊಟ್ಟರು. ಫಾರಂ ಲೆಕ್ಕದಲ್ಲಿ ದುಡ್ಡು. ದಿನಕ್ಕೆ 25 ಫಾರಂ ಆಗಲೇಬೇಕು.

ಹೊಸನಗರ ತಾಲ್ಲೂಕಿನಲ್ಲಿ ದಿನಕ್ಕೆ 25 ಮನೆ ಎಂದರೆ ಏನು ಎಂದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ಬಯಲುಸೀಮೆಯ ಹಾಗೆ ಇಲ್ಲಿ ಊರು ಒಂದೇ ಕಡೆ ಗುಂಪಾಗಿ ಇರುವುದಿಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದ ಆಚೆ, ನಡುವೆ ತೋಟ, ಹಳ್ಳ, ಸಂಕ. ನಾಯಿ ಬೊಗಳಿದ ಮೇಲೇ ಮನೆ ಇದೆ ಎಂದು ಗೊತ್ತಾಗುವುದು. ನಿಟ್ಟೂರು, ಸಂಪೆಕಟ್ಟೆ ಕಡೆ ಬಸ್ಸಿಳಿದು ನಡೆದರೆ ಮಧ್ಯಾಹ್ನದೊಳಗೆ ಆರು ಮನೆ ಮುಗಿಸಬಹುದು, ಅದೂ ಮನೆಯಲ್ಲಿ ಜನ ಇದ್ದರೆ.

ಹಾಗಾಗಿ ನಾವು ಎಲ್ಲರೂ ಮಾಡಿದ್ದು ಒಂದೇ. ರಸ್ತೆ ಬದಿಯಲ್ಲಿ ನಿಂತೆವು. ಬಸ್‌ಸ್ಟ್ಯಾಂಡ್, ಹೋಟೆಲ್, ಸೊಸೈಟಿ ಕಟ್ಟೆ, ಕ್ಷೌರದ ಅಂಗಡಿ. ಅಲ್ಲಿ ಸಿಗುವವರು ಯಾರು? ಗಂಡಸರು. ಪೇಟೆಗೆ ಬರಲು ಬೈಕ್ ಇರುವವರು. ರಾಜಕೀಯ ಮಾತಾಡಲು ಪುರುಸೊತ್ತು ಇರುವವರು. ಹತ್ತರಲ್ಲಿ ಮೂರು ಜನ ಯಾವುದೋ ಪಕ್ಷದ ಕಾರ್ಯಕರ್ತರೇ.

ಮನೆಗೆ ಹೋದರೂ ಹೆಂಗಸರು ಬಾಗಿಲಲ್ಲೇ ನಿಂತು, "ನಂಗೆಂತ ಗೊತ್ತಾಗ್ತದೆ ತಮ್ಮಾ, ನಮ್ಮನೆಯವ್ರು ತೋಟದಲ್ಲಿದ್ರು, ಅವ್ರನ್ನೇ ಕೇಳು" ಎನ್ನುತ್ತಿದ್ದರು. ಗೊತ್ತಿಲ್ಲದೆ ಹಾಗೆ ಹೇಳಿದ್ದಲ್ಲ. ಗುರುತಿಲ್ಲದ ಹುಡುಗನಿಗೆ ಮನಸ್ಸಿನ ಮಾತು ಯಾಕೆ ಹೇಳಬೇಕು ಎಂಬ ಬುದ್ಧಿ ಅದು. ಆ ಬುದ್ಧಿ ಟ್ಯಾಬಿನಲ್ಲಿ ದಾಖಲಾಗುವುದಿಲ್ಲ.

ಒಂದು ತೋಟದ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಕೆಲಸದವರನ್ನು ಕೇಳಿದೆ. ತೋಟದ ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೇಳಿದವರೆಲ್ಲ ಮೊದಲು ಅವರ ಮುಖ ನೋಡಿದರು, ಆಮೇಲೆ ಒಂದೇ ಪಕ್ಷದ ಹೆಸರು ಹೇಳಿದರು. ಏಳು ಜನ, ಏಳು ಫಾರಂ, ಒಂದೇ ಉತ್ತರ. ನನ್ನ ಲೆಕ್ಕಕ್ಕೆ ಏಳು ಮತ. ನಿಜವಾಗಿ ಅದು ಒಬ್ಬರ ಮತ.

ಸಂಜೆ ಫಾರಂ ಕಡಿಮೆ ಬಿದ್ದರೆ? ಹಲಸಿನ ಮರದ ಕೆಳಗೆ ಕೂತು ನಾವೇ ತುಂಬಿದ್ದೇವೆ. ನಾನೂ ತುಂಬಿದ್ದೇನೆ. ಇಂಥ ಮನೆಯವರು ಇಂಥವರಿಗೇ ಹಾಕುತ್ತಾರೆ ಎಂದು ಊಹಿಸಿ ಗುಂಡಿ ಒತ್ತಿದ್ದೇನೆ. ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಆ ಊಹೆಯೂ ಸೇರಿ ಆದ ಅಂಕಿ ಮುಂದೆ "ಜನಾಭಿಪ್ರಾಯ" ಎಂಬ ಹೆಸರು ಹೊತ್ತು ಹೊರಟಿತು ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎಲ್ಲ ಸಂಸ್ಥೆಗಳೂ ಹೀಗೇ ಎಂದು ನಾನು ಹೇಳುವುದಿಲ್ಲ. ಮತದಾರರ ಪಟ್ಟಿಯಿಂದ ಹೆಸರು ಆರಿಸಿ, ಆ ಮನೆಗೇ ಹೋಗಿ, ಆ ವ್ಯಕ್ತಿಯನ್ನೇ ಕೇಳುವ ಶಿಸ್ತಿನ ಸಮೀಕ್ಷೆಗಳೂ ಇವೆ. ಅದಕ್ಕೆ ದುಡ್ಡು ಬೇಕು, ದಿನ ಬೇಕು. ನಿಮ್ಮ ಮೊಬೈಲಿಗೆ ಬಂದ ಚಿತ್ರ ಯಾವ ಜಾತಿಯದು ಎಂಬುದು ಆ ಚಿತ್ರ ನೋಡಿದರೆ ತಿಳಿಯುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಮೂಟೆಯ ಮೇಲಿನ ಹಿಡಿ

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಲದಾ?" ಎಂದು ಕೇಳುವವರಿದ್ದಾರೆ. ಸಾಕು. ಯಾಕೆಂದರೆ ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಬೆಂಕಿ. ಆದರೆ ಮಂಡಿಗೆ ಹೋದ ಅಡಿಕೆ ಮೂಟೆ ನೆನಪು ಮಾಡಿಕೊಳ್ಳಿ. ಮೇಲಿನ ಒಂದು ಹಿಡಿ ನೋಡಿ ಯಾರಾದರೂ ದರ ಹಾಕುತ್ತಾರಾ? ಮೇಲೆ ಚೆಂದದ ರಾಶಿ ಇದ್ದು, ಅಡಿಯಲ್ಲಿ ಗೊರಬಲು ಇರಬಹುದು. ಒಳಗೆ ಕೈ ಹಾಕಬೇಕು, ಬೇರೆ ಬೇರೆ ಮೂಟೆಯಿಂದ ತೆಗೆಯಬೇಕು. ರಸ್ತೆ ಬದಿಯ ಸರ್ವೆ ಎಂದರೆ ಮೂಟೆಯ ಮೇಲಿನ ಹಿಡಿ.

ಈ ಮಾತನ್ನು ಅಮೆರಿಕ 1936ರಲ್ಲೇ ಕಲಿತಿತ್ತು. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರದಂಥ ಕಾರ್ಡು ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ರಲ್ಲಿ. ಕಾರ್ಡು ಹೋಗಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಮನೆಗೆ. ಉತ್ತರ ಬರೆದವರೂ ಎಲ್ಲ ಥರದ ಜನ ಆಗಿರಲಿಲ್ಲ. ಇಪ್ಪತ್ತು ಲಕ್ಷ ಜನರನ್ನು ಕೇಳಿಯೂ ತಪ್ಪಾಗಬಹುದು, ಕೇಳಿದ್ದು ಒಂದೇ ಥರದವರನ್ನಾದರೆ.

ಇನ್ನು ಲೆಕ್ಕಕ್ಕೆ ಬನ್ನಿ. ನಮ್ಮ ರಾಜ್ಯದಲ್ಲಿ 224 ಕ್ಷೇತ್ರ. "5,000 ಜನರ ಸಮೀಕ್ಷೆ" ಎಂದು ಕಾರ್ಡಿನಲ್ಲಿ ಹಾಕಿದ್ದರೆ, ಎಲ್ಲ ಕಡೆಗೂ ಸಮವಾಗಿ ಹಂಚಿದರೂ ಒಂದು ಕ್ಷೇತ್ರಕ್ಕೆ ಬರುವುದು 22 ಜನ. ಒಂದು ಮದುವೆ ಊಟದ ಒಂದು ಪಂಕ್ತಿಯೂ ಆಗುವುದಿಲ್ಲ. 22,400 ಜನರನ್ನು ಕೇಳಿದ ದೊಡ್ಡ ಸಮೀಕ್ಷೆ ಎಂದೇ ಇಟ್ಟುಕೊಳ್ಳಿ, ಕ್ಷೇತ್ರಕ್ಕೆ 100 ಜನ.

ಸರಿಯಾಗಿ ಆರಿಸಿದ 100 ಜನರನ್ನು ಕೇಳಿದರೂ ಬರುವ ಅಂಕಿ ಆ ಕಡೆ ಹತ್ತು, ಈ ಕಡೆ ಹತ್ತು ಅಂಶ ಜಾರಬಹುದು. ಇದು ಗಣಿತದ ಮಾತು, ಯಾರನ್ನೂ ದೂರಿದ್ದಲ್ಲ. ಅಂದರೆ ಸಮೀಕ್ಷೆಯಲ್ಲಿ ಒಬ್ಬರಿಗೆ ಶೇ. 45 ಬಂದರೆ ನಿಜದಲ್ಲಿ ಅದು 35ರಿಂದ 55ರ ನಡುವೆ ಎಲ್ಲಿಯೂ ಇರಬಹುದು. 1,000 ಜನರನ್ನು ಕೇಳಿದರೆ ಆ ಜಾರುವಿಕೆ ಮೂರು ಅಂಶಕ್ಕೆ ಇಳಿಯುತ್ತದೆ. ಒಂದು ಅಂಶಕ್ಕೆ ಇಳಿಸಬೇಕಾದರೆ ಒಂದೇ ಕ್ಷೇತ್ರದಲ್ಲಿ ಸುಮಾರು 9,600 ಜನರನ್ನು ಕೇಳಬೇಕು.

ಇದು ಇಡೀ ರಾಜ್ಯದ ಮಟ್ಟಿಗೆ ಪಕ್ಷಗಳ ಮತ ಎಷ್ಟು ಎಂದು ಅಂದಾಜು ಮಾಡಲು ಆದೀತು. ನಮ್ಮ ಕ್ಷೇತ್ರಕ್ಕೆ ಆಗದು. ಯಾಕೆ ಎಂದು ನಮ್ಮದೇ ಫಲಿತಾಂಶ ಹೇಳುತ್ತದೆ.

ನಮ್ಮದೇ ಅಂಕಿ ನೋಡಿ

2013ರಲ್ಲಿ ತೀರ್ಥಹಳ್ಳಿಯಲ್ಲಿ ಕಿಮ್ಮನೆ ರತ್ನಾಕರ್ ಗೆದ್ದರು. ಎರಡನೆಯವರು ಕೆಜೆಪಿಯ ಆರ್.ಎಂ. ಮಂಜುನಾಥ ಗೌಡರು. ನಡುವಿನ ಅಂತರ ಒಂದೂವರೆ ಸಾವಿರಕ್ಕೂ ಕಡಿಮೆ. ನೂರಕ್ಕೆ ಒಂದು ಮತ ಅಷ್ಟೇ. ಮೂರನೆಯವರಾದ ಆರಗ ಜ್ಞಾನೇಂದ್ರ ಅವರೂ ಹತ್ತಿರದಲ್ಲೇ ಇದ್ದರು. ಇಂಥ ಮೂರು ಜನರ ಸ್ಪರ್ಧೆಯಲ್ಲಿ 100 ಜನರನ್ನು ಕೇಳಿ "ಇವರೇ" ಎಂದರೆ ಅದು ಕವಡೆ ಹಾಕಿ ನೋಡಿದ ಹಾಗೆ.

ಅದೇ 2013ರಲ್ಲಿ ಪಕ್ಕದ ಸಾಗರದಲ್ಲಿ ಕಾಗೋಡು ತಿಮ್ಮಪ್ಪ ಗೆದ್ದಿದ್ದು 40,000ಕ್ಕೂ ಹೆಚ್ಚು ಮತಗಳಿಂದ. 2018ರಲ್ಲಿ ಅದೇ ಸಾಗರದಲ್ಲಿ ಅವರು ಹಾಲಪ್ಪ ಅವರ ಎದುರು ಸುಮಾರು 8,000 ಮತಗಳಿಂದ ಸೋತರು. 2023ರಲ್ಲಿ ಹಾಲಪ್ಪ ಅವರು ಬೇಳೂರು ಗೋಪಾಲಕೃಷ್ಣ ಅವರ ಎದುರು ಸುಮಾರು 16,000 ಮತಗಳಿಂದ ಸೋತರು. ತೀರ್ಥಹಳ್ಳಿಯಲ್ಲಿ ಅದೇ ಎರಡು ಚುನಾವಣೆಯಲ್ಲೂ ಆರಗ ಜ್ಞಾನೇಂದ್ರ ಗೆದ್ದರು. ಮೊದಲ ಸಲ ಸುಮಾರು 22,000 ಅಂತರ, ಎರಡನೇ ಸಲ ಸುಮಾರು 12,000.

ಅಕ್ಕಪಕ್ಕದ ಎರಡು ಕ್ಷೇತ್ರ. ಒಂದೇ ಮಳೆ, ಒಂದೇ ಅಡಿಕೆ ಧಾರಣೆ, ಒಂದೇ ಟಿವಿ. ಒಂದು ಕಡೆ ಫಲಿತಾಂಶ ಮಗುಚಿ ಬಿತ್ತು, ಇನ್ನೊಂದು ಕಡೆ ಅಲ್ಲೇ ನಿಂತಿತು. ರಾಜ್ಯದ "ಅಲೆ" ಎನ್ನುವುದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಇನ್ನೂ ಒಂದು ನೋಡಿ. 2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಶೇ. 36ರಷ್ಟು ಮತ ಬಂದಿತ್ತು. 2023ರಲ್ಲೂ ಶೇ. 36. ಮತ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಸ್ಥಾನ 104ರಿಂದ 66ಕ್ಕೆ ಇಳಿಯಿತು. ಶಿವಮೊಗ್ಗ ಜಿಲ್ಲೆಯ ಏಳರಲ್ಲಿ ಆರು ಇದ್ದದ್ದು ಮೂರಾಯಿತು. 2018ರಲ್ಲಿ ಕಾಂಗ್ರೆಸ್ಸಿಗೆ ಶೇ. 38, ಬಿಜೆಪಿಗಿಂತ ಹೆಚ್ಚು ಮತ. ಆದರೆ ಮೇ 15ರಂದು ಬಂದ 222 ಕ್ಷೇತ್ರಗಳ ಫಲಿತಾಂಶದಲ್ಲಿ ಅದಕ್ಕೆ ಸಿಕ್ಕಿದ್ದು 78 ಸ್ಥಾನ, ಬಿಜೆಪಿಗೆ 104. ಅಂದರೆ ಸಮೀಕ್ಷೆ ಮಾಡಿದವರು ಮತದ ಪ್ರಮಾಣವನ್ನು ಕರಾರುವಾಕ್ಕಾಗಿ ಹಿಡಿದರೂ ಸ್ಥಾನ ಎಷ್ಟು ಎಂಬುದು ಬೇರೆಯೇ ಲೆಕ್ಕ. ಆ ಎರಡನೇ ಲೆಕ್ಕ ಬಹುಪಾಲು ಊಹೆ.

ಅಂತರವಂತೂ ಕೇಳಬೇಡಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. ಯಾವ ಸಮೀಕ್ಷೆ ಆ ಒಂದು ಮತವನ್ನು ಹಿಡಿದೀತು? "ನನ್ನ ಒಂದು ಓಟಿಂದ ಎಂತ ಆಗ್ತದೆ" ಎನ್ನುವವರಿಗೂ ಅಲ್ಲೇ ಉತ್ತರ ಇದೆ.

ಇನ್ನು ಅಭ್ಯರ್ಥಿಯ ಮಾತು. ಚುನಾವಣೆಗೆ ವರ್ಷ ಮೊದಲು ಸಮೀಕ್ಷೆ ಮಾಡಿದರೆ ಯಾರ ಹೆಸರು ಕೇಳುತ್ತಾರೆ? ಬೇಳೂರು ಅವರು ಒಂದು ಕಾಲಕ್ಕೆ ಇದೇ ಸಾಗರದಲ್ಲಿ ಬಿಜೆಪಿಯಿಂದ ಶಾಸಕರು, ಈಗ ಕಾಂಗ್ರೆಸ್ಸಿನವರು. ಹಾಲಪ್ಪ ಅವರು 2008ರಲ್ಲಿ ಗೆದ್ದಿದ್ದು ಸೊರಬದಿಂದ, 2018ರಲ್ಲಿ ಸಾಗರದಿಂದ. ಶಿಕಾರಿಪುರದಲ್ಲಿ 2023ರಲ್ಲಿ ವಿಜಯೇಂದ್ರ ಅವರ ಎದುರು ಎರಡನೇ ಸ್ಥಾನಕ್ಕೆ ಬಂದದ್ದು ಯಾವ ಪಕ್ಷವೂ ಅಲ್ಲ, ಪಕ್ಷೇತರ. ಟಿಕೆಟ್ ಯಾರಿಗೆ, ಮುನಿಸಿಕೊಂಡವರು ಯಾರು, ಯಾರು ಯಾವ ಕಡೆ ಹಾರುತ್ತಾರೆ ಎಂದು ತಿಳಿಯದೆ ಮಾಡುವ ಕ್ಷೇತ್ರದ ಸಮೀಕ್ಷೆ, ಮದುಮಗ ಯಾರೆಂದು ಗೊತ್ತಾಗುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ.

ಹೊಸನಗರವನ್ನು ಕೇಳುವವರಿಲ್ಲ

ಹೊಸನಗರದವರಿಗೆ ಇದು ಇನ್ನೂ ಹೆಚ್ಚು ತಟ್ಟುವ ಮಾತು. 2008ಕ್ಕೆ ಮೊದಲು ಹೊಸನಗರ ತನ್ನದೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಹೋಯಿತು. ತಾಲ್ಲೂಕನ್ನು ಎರಡು ಹೋಳು ಮಾಡಿ ಒಂದು ಭಾಗವನ್ನು ಸಾಗರಕ್ಕೆ, ಇನ್ನೊಂದನ್ನು ತೀರ್ಥಹಳ್ಳಿಗೆ ಸೇರಿಸಿದರು. ರಿಪ್ಪನ್‌ಪೇಟೆಯವರ ಶಾಸಕರು ಒಬ್ಬರು, ನಗರದವರ ಶಾಸಕರು ಇನ್ನೊಬ್ಬರು. ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೆಹಕ್ಲು ಎಂದು ರಾಜ್ಯದ ಬೆಳಕಿಗಾಗಿ ಮುಳುಗಿದ ತಾಲ್ಲೂಕಿಗೆ ತನ್ನದೇ ಅಂತ ಒಂದು ಕ್ಷೇತ್ರ ಇಲ್ಲ.

ಈಗ ಸರ್ವೆಯವನು ಬರುತ್ತಾನೆ. ಸಾಗರ ಕ್ಷೇತ್ರ ಎಂದರೆ ಅವನು ಸಾಗರ ಪೇಟೆಯಲ್ಲಿ ಇಳಿಯುತ್ತಾನೆ. ತೀರ್ಥಹಳ್ಳಿ ಕ್ಷೇತ್ರ ಎಂದರೆ ತೀರ್ಥಹಳ್ಳಿ ಪೇಟೆಯಲ್ಲಿ. ಎರಡರ ಅಂಚಿನಲ್ಲಿರುವ ಹೊಸನಗರದ ಮೂಲೆಗೆ ಯಾರು ಬರುತ್ತಾರೆ? ಸಿಗಂದೂರು ಸೇತುವೆ ಬಳಕೆಗೆ ಬಂದದ್ದು 2025ರ ಜುಲೈನಲ್ಲಿ. ಅದಕ್ಕೂ ಮೊದಲು ಲಾಂಚಿಗೆ ಕಾದು ಹಿನ್ನೀರು ದಾಟಿ ತುಮರಿ ಕಡೆ ಹೋಗಿ ಫಾರಂ ತುಂಬುವಷ್ಟು ಪುರುಸೊತ್ತು ಯಾವ ಸರ್ವೆಯವನಿಗೆ ಇತ್ತು?

ಫೋನಿನಲ್ಲಿ ಕೇಳುತ್ತೇವೆ ಎನ್ನುತ್ತಾರೆ. "ಇಂಥ ಪಕ್ಷಕ್ಕಾದರೆ ಒಂದು ಒತ್ತಿ, ಇಂಥದ್ದಕ್ಕಾದರೆ ಎರಡು ಒತ್ತಿ." ಒತ್ತಲು ಮೊದಲು ರೇಂಜ್ ಬರಬೇಕಲ್ಲ! ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳು ಈ ಮೂರೂ ತಾಲ್ಲೂಕಿನಲ್ಲಿವೆ. "ನೆಟ್‌ವರ್ಕ್ ಇಲ್ಲದಿದ್ದರೆ ಓಟು ಇಲ್ಲ" ಎಂದು ಬ್ಯಾನರ್ ಕಟ್ಟಿದ ಊರಿನವರು ನಾವು. ಯಾರ ಸಿಟ್ಟು ಎಲ್ಲರಿಗಿಂತ ಹೆಚ್ಚೋ ಅವರಿಗೇ ಆ ಕರೆ ಹೋಗುವುದಿಲ್ಲ. ನಮ್ಮ ಮಟ್ಟಿಗೆ ಸರ್ವೆಯ ದೊಡ್ಡ ಸುಳ್ಳು ಇದೇ: ನಮ್ಮನ್ನು ಕೇಳದೆಯೇ ನಾವು ಹೇಳಿದೆವು ಎನ್ನುವುದು.

ಸರಿ ಹೇಳಿದ್ದೂ ಉಂಟು, ಆದರೆ

ನ್ಯಾಯವಾಗಿ ಎರಡೂ ಕಡೆ ಹೇಳಬೇಕು. 2023ರ ಮೇ 10ರಂದು ಸಂಜೆ 6 ಗಂಟೆಗೆ ಮತದಾನ ಮುಗಿಯಿತು, 6.30ರಿಂದ ಟಿವಿಯಲ್ಲಿ ಎಕ್ಸಿಟ್ ಪೋಲ್ ಶುರುವಾಯಿತು. ಇಂಡಿಯಾ ಟುಡೇಗಾಗಿ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಎಂದಿತು. ಬಂದದ್ದು 135, ಸರಿಯಾಯಿತು. ಅದೇ ಸಂಜೆ ಇನ್ನೊಂದು ವಾಹಿನಿ ಬಿಜೆಪಿಗೆ 114 ಎಂದಿತ್ತು. ಬಂದದ್ದು 66. ಅತಂತ್ರ ಎಂದವರೂ ಹಲವರಿದ್ದರು. ಒಂದೇ ದಿನ, ಒಂದೇ ರಾಜ್ಯ, ಒಂದೇ ಮತದಾರರು.

ಆ ಸಂಜೆ ಸರಿ ಹೇಳಿದ ಅದೇ ಸಂಸ್ಥೆ 2024ರ ಜೂನ್ 1ರಂದು ಲೋಕಸಭೆಯಲ್ಲಿ ಎನ್‌ಡಿಎಗೆ 361ರಿಂದ 401 ಎಂದಿತು. ಜೂನ್ 4ರಂದು ಬಂದದ್ದು 293. ಅದರ ಮುಖ್ಯಸ್ಥರು ಟಿವಿಯಲ್ಲೇ ಕಣ್ಣೀರು ಹಾಕಿದರು. ಅವರೊಬ್ಬರೇ ಅಲ್ಲ, ಬಹುತೇಕ ಎಲ್ಲರೂ 350 ದಾಟಿಸಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಹರಿಯಾಣದಲ್ಲಿ ಕಾಂಗ್ರೆಸ್ ಎಂದರು, ಬಿಜೆಪಿ ಗೆದ್ದಿತು. ಒಮ್ಮೆ ಈ ಪಕ್ಷದ ಪರ ತಪ್ಪು, ಒಮ್ಮೆ ಆ ಪಕ್ಷದ ಪರ ತಪ್ಪು. ಹಾಗಾಗಿ ಇದನ್ನು ಪಕ್ಷದ ಜಗಳ ಮಾಡಬೇಡಿ.

ಇವೆಲ್ಲ ಎಕ್ಸಿಟ್ ಪೋಲ್, ಅಂದರೆ ಓಟು ಹಾಕಿ ಹೊರಬಂದವರನ್ನು ಕೇಳಿದ್ದು. ಓಟು ಹಾಕಿ ಆದವರನ್ನು ಕೇಳಿಯೇ ಇಷ್ಟು ತಪ್ಪುತ್ತದೆ ಎಂದಾದರೆ, ಇನ್ನೂ ಮನಸ್ಸು ಮಾಡದವರನ್ನು ತಿಂಗಳುಗಳ ಮೊದಲೇ ಕೇಳಿ ಮಾಡಿದ ಅಂಕಿಗೆ ಬೆಲೆ ಎಷ್ಟು?

ಇನ್ನು ಕೆಲವು ಕಾರ್ಡುಗಳ ಹಿಂದೆ ಸರ್ವೆಯೇ ಇರುವುದಿಲ್ಲ. 2018ರ ಚುನಾವಣೆಗೆ ಮೊದಲು "ಬಿಬಿಸಿ ಸಮೀಕ್ಷೆ: ಬಿಜೆಪಿಗೆ 135" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡಿತು. ನಂಬಿಸಲು ಬಿಬಿಸಿ ಜಾಲತಾಣದ ಕೊಂಡಿಯನ್ನೂ ಹಾಕಿದ್ದರು. ಅಂಥ ಸಮೀಕ್ಷೆಯನ್ನೇ ಮಾಡಿಲ್ಲ ಎಂದು ಬಿಬಿಸಿಯೇ ಹೇಳಬೇಕಾಯಿತು. 135 ಎಂಬ ಅಂಕಿ ಐದು ವರ್ಷ ಬಿಟ್ಟು ನಿಜವಾಗಿ ಬಂತು, ಇನ್ನೊಂದು ಪಕ್ಷಕ್ಕೆ.

ದುಡ್ಡು ಕೊಟ್ಟರೆ ಅಂಕಿ ಬದಲಿಸುತ್ತಾರಾ? 2014ರ ಫೆಬ್ರವರಿಯಲ್ಲಿ ಒಂದು ಹಿಂದಿ ಸುದ್ದಿವಾಹಿನಿ ಗುಪ್ತ ಕ್ಯಾಮೆರಾ ಇಟ್ಟು ಕೆಲವು ಸಮೀಕ್ಷಾ ಸಂಸ್ಥೆಗಳವರನ್ನು ಮಾತಾಡಿಸಿತ್ತು. ಅಂಕಿಯನ್ನು ಬೇಕಾದ ಹಾಗೆ ಹೊಂದಿಸಿ ಕೊಡುವ ಮಾತು ಅಲ್ಲಿ ಕೇಳಿಬಂದು ದೇಶದ ತುಂಬ ಗದ್ದಲವಾಯಿತು. ಸಂಸ್ಥೆಗಳು ಅಲ್ಲಗಳೆದವು. ಗದ್ದಲ ತಣ್ಣಗಾಯಿತು. ಸರ್ವೆ ಮುಂದುವರಿಯಿತು.

ನಷ್ಟ ಯಾರಿಗೆ?

ಮೊದಲ ನಷ್ಟ ದುಡ್ಡಿಲ್ಲದ ಅಭ್ಯರ್ಥಿಗೆ. 1952ರಲ್ಲಿ ಸಾಗರ-ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಗೆದ್ದರು. ಕಾಗೋಡು ಸತ್ಯಾಗ್ರಹದ ಮರುವರ್ಷ ಅದು. ಗೇಣಿದಾರರ ಪರ ನಿಂತ, ಕೈಯಲ್ಲಿ ಕಾಸಿಲ್ಲದ ಸೋಷಲಿಸ್ಟ್. "ಒಂದು ಓಟು, ಒಂದು ನೋಟು" ಎಂದು ಜನರಿಂದಲೇ ಕೇಳಿ ಚುನಾವಣೆ ನಡೆಸಿದವರು ಎಂದು ಇವತ್ತಿಗೂ ನೆನೆಯುತ್ತಾರೆ. ಎದುರಿಗಿದ್ದವರು ಆಳುವ ಕಾಂಗ್ರೆಸ್ಸಿನವರು. ಆ ವರ್ಷ ಮನೆಮನೆಗೆ ಒಂದು ಕಾರ್ಡು ಬಂದು "ಗೋಪಾಲಗೌಡರಿಗೆ ಶೇ. 8, ಲೆಕ್ಕಕ್ಕೇ ಇಲ್ಲ" ಎಂದಿದ್ದರೆ? ಇದು ನನ್ನ ಕಲ್ಪನೆ ಅಷ್ಟೇ. ಆದರೆ "ಓಟು ಯಾಕೆ ಹಾಳು ಮಾಡೋದು" ಎಂದು ಎಷ್ಟು ಗೇಣಿದಾರರು ಹಿಂದೆ ಸರಿಯುತ್ತಿದ್ದರು ಎಂದು ಒಮ್ಮೆ ಯೋಚಿಸಿ. ಇವತ್ತು ನಮ್ಮ ನಡುವೆ ಅಂಥವರು ಯಾರಾದರೂ ನಿಂತರೆ ಅವರನ್ನು ಮೊದಲು ಮುಗಿಸುವುದು ಎದುರಾಳಿಯಲ್ಲ, ಈ ಕಾರ್ಡು.

ಎರಡನೇ ನಷ್ಟ ನಮ್ಮ ಪ್ರಶ್ನೆಗೆ. "ಯಾರು ಗೆಲ್ತಾರೆ" ಎಂದು ಮಾತು ಶುರುವಾದರೆ "ಗೆದ್ದು ಏನು ಮಾಡ್ತಾರೆ" ಎಂಬ ಮಾತು ಬರುವುದೇ ಇಲ್ಲ. ಶರಾವತಿ ಮುಳುಗಡೆಯವರು ಆರು ದಶಕದಿಂದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಬಗರ್‌ಹುಕುಂ ಅರ್ಜಿಗಳು ಕಡತದಲ್ಲಿ ಬಿದ್ದಿವೆ. ಎಲೆಚುಕ್ಕಿ ರೋಗ ಬಂದ ತೋಟ ಬೋಳಾಗುತ್ತಿದೆ. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ಬೇಕಾ ಬೇಡವಾ ಎಂಬ ಮಾತು ಇದೆ. ಇದರಲ್ಲಿ ಒಂದನ್ನೂ ಯಾವ ಸಮೀಕ್ಷೆಯ ಕಾರ್ಡಿನಲ್ಲೂ ನಾನು ನೋಡಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಬಗ್ಗೆ ಯಾವ ವಾಹಿನಿ ಸರ್ವೆ ಮಾಡಿತು?

ಮೂರನೆಯದು, ಊರೊಳಗಿನ ಸಾಲಗಾರರ ನಷ್ಟ. ಸರ್ವೆ ನೋಡಿ ಬೆಟ್ಟಿಂಗ್ ಕಟ್ಟುವ ಹುಡುಗರು ಎಲ್ಲ ಊರಿನಲ್ಲೂ ಇದ್ದಾರೆ. ಅಪ್ಪನ ಅಡಿಕೆ ದುಡ್ಡು, ಬೈಕು, ಕೆಲವೊಮ್ಮೆ ಹೆಂಡತಿಯ ಬಳೆ. ಅಂಕಿ ತಪ್ಪಿದರೆ ಟಿವಿಯವರು ಮರುದಿನ ಇನ್ನೊಂದು ಚರ್ಚೆ ಮಾಡುತ್ತಾರೆ. ಹುಡುಗ ಸೊಸೈಟಿಗೆ ಹೋಗಿ ಸಾಲ ಕೇಳುತ್ತಾನೆ.

ಕಾನೂನು ಎಷ್ಟು, ನಮ್ಮ ಕೆಲಸ ಎಷ್ಟು

ಪ್ರಜಾಪ್ರತಿನಿಧಿ ಕಾಯ್ದೆ 1951ರ 126ಎ ಕಲಮಿನ ಪ್ರಕಾರ ಮತದಾನ ಶುರುವಾದಾಗಿನಿಂದ ಮುಗಿದು ಅರ್ಧ ಗಂಟೆ ಆಗುವ ತನಕ ಎಕ್ಸಿಟ್ ಪೋಲ್ ಪ್ರಕಟಿಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಂಥ ಮಾಧ್ಯಮಗಳಲ್ಲಿ ಚುನಾವಣಾಪೂರ್ವ ಸಮೀಕ್ಷೆ ತೋರಿಸುವಂತಿಲ್ಲ. ಅಷ್ಟೇ. ಅದಕ್ಕೂ ಮೊದಲು ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು.

ಕಾನೂನು ಆಯೋಗ 2015ರ ಮಾರ್ಚ್‌ನಲ್ಲಿ ಕೊಟ್ಟ 255ನೇ ವರದಿಯಲ್ಲಿ, ಸಮೀಕ್ಷೆ ಮಾಡಿದವರು ಯಾರು, ಹೇಗೆ ಮಾಡಿದರು, ಎಷ್ಟು ಜನರನ್ನು ಕೇಳಿದರು ಎಂಬುದನ್ನು ಜನರ ಮುಂದಿಡಬೇಕು ಎಂದು ಶಿಫಾರಸು ಮಾಡಿತ್ತು. ನನ್ನ ಬೇಡಿಕೆಯೂ ಅದೇ. ಸಮೀಕ್ಷೆ ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ನಿಷೇಧಿಸಿದರೆ ಕಾರ್ಡು ನಿಲ್ಲುವುದಿಲ್ಲ, ಶಿಸ್ತಿನವರು ಮಾತ್ರ ನಿಲ್ಲುತ್ತಾರೆ. ಔಷಧದ ಡಬ್ಬದ ಮೇಲೆ ಏನು ಹಾಕಿದೆ, ಯಾರು ಮಾಡಿದರು, ಯಾವ ತಾರೀಕು ಎಂದು ಬರೆಯಲೇಬೇಕಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತಕ್ಕೆ ಇರುವ ನಿಯಮ ನಮ್ಮ ತಲೆಗೆ ಹೊಡೆಯುವ ಅಂಕಿಗೆ ಯಾಕೆ ಬೇಡ?

ಅಲ್ಲಿಯ ತನಕ ನಾವು ಮಾಡಬಹುದಾದ್ದು ಇದೆ. ಕಾರ್ಡು ಬಂದಾಗ ಕಳಿಸಿದವರನ್ನು ಐದು ಪ್ರಶ್ನೆ ಕೇಳಿ.

1. ಇದನ್ನು ಮಾಡಿದವರು ಯಾರು, ದುಡ್ಡು ಕೊಟ್ಟವರು ಯಾರು?

2. ನಮ್ಮ ಕ್ಷೇತ್ರದಲ್ಲಿ ಎಷ್ಟು ಜನರನ್ನು ಕೇಳಿದ್ದಾರೆ? ರಾಜ್ಯದ ಲೆಕ್ಕ ಬೇಡ, ನಮ್ಮದು ಹೇಳಿ.

3. ಯಾವ ತಾರೀಕಿನಿಂದ ಯಾವ ತಾರೀಕಿನ ತನಕ? ಆಗ ಅಭ್ಯರ್ಥಿ ಯಾರೆಂದು ಗೊತ್ತಿತ್ತಾ?

4. ಎಲ್ಲಿ ಕೇಳಿದರು? ಮನೆಯಲ್ಲಾ, ರಸ್ತೆಯಲ್ಲಾ, ಫೋನಿನಲ್ಲಾ? ಹೆಂಗಸರು ಎಷ್ಟು?

5. ಅಂಕಿ ಎಷ್ಟು ಆಚೀಚೆ ಆಗಬಹುದು ಎಂದು ಬರೆದಿದ್ದಾರಾ?

ಐದಕ್ಕೂ ಉತ್ತರ ಸಿಕ್ಕರೆ ಓದಿ, ರಾಜ್ಯದ ಗಾಳಿ ಯಾವ ಕಡೆ ಎಂದು ಸ್ವಲ್ಪ ಅಂದಾಜು ಸಿಗಬಹುದು. ಸಿಗದಿದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರು ನಿಮ್ಮ ಭಾವನೇ ಆಗಿದ್ದರೂ, ಪಂಚಾಯ್ತಿ ಸದಸ್ಯರೇ ಆಗಿದ್ದರೂ ಮರ್ಯಾದೆಯಿಂದಲೇ ಕೇಳಿ: "ಭಾವ, ಇದು ಎಲ್ಲಿಂದ ಬಂತು?" ಆ ಒಂದು ಪ್ರಶ್ನೆಗೇ ಅರ್ಧ ಕಾರ್ಡು ಉದುರುತ್ತವೆ. ಚುನಾವಣೆ ಘೋಷಣೆಯಾದ ಮೇಲೆ ನಿಯಮ ಮೀರಿದ್ದು ಕಂಡರೆ ಸಹಾಯವಾಣಿ 1950 ಇದೆ, ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ದೂರು ಕೊಡಿ.

ನಮ್ಮಂಥ ಬರೆಯುವವರಿಗೂ ಒಂದು ಮಾತು. ಬಂದ ಕಾರ್ಡನ್ನೇ ಸುದ್ದಿ ಮಾಡುವುದು ಸುಲಭ. ಓದುಗರೂ ಹೆಚ್ಚು ಸಿಗುತ್ತಾರೆ. ಆದರೆ ಸಂಪೆಕಟ್ಟೆಯಿಂದ ಒಳಗೆ ನಾಲ್ಕು ಕಿಲೋಮೀಟರ್ ನಡೆದು ಆ ಮನೆಯ ಅಕ್ಕನ ಹತ್ತಿರ "ನಿಮಗೆ ಏನು ಬೇಕು" ಎಂದು ಕೇಳಿ ಬರೆಯುವುದು ನಮ್ಮ ಕೆಲಸ. "ಯಾರಿಗೆ ಹಾಕ್ತೀರಿ" ಎಂದು ಕೇಳುವುದಲ್ಲ. ನಾನು ಅಂದು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅವರು ಉತ್ತರ ಹೇಳದೆ ಕಳಿಸಿದ್ದು ಸರಿಯಾಗಿತ್ತು.

ಸರ್ವೆಯವರು ಈ ಸಲವೂ ಬರುತ್ತಾರೆ. ಬಂದರೆ ಮಜ್ಜಿಗೆ ಕೊಡಿ, ಬಿಸಿಲಲ್ಲಿ ಬಂದಿರುತ್ತಾರೆ, ಸಂಬಳಕ್ಕೆ ದುಡಿಯುವ ಹುಡುಗರು. ಯಾರಿಗೆ ಓಟು ಎಂಬುದನ್ನು ಮಾತ್ರ ಮತಯಂತ್ರದ ಮುಂದೆ ನಿಲ್ಲುವ ತನಕ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಆ ಮೇಲೆ ಅಭ್ಯರ್ಥಿಗಳು ಬಂದಾಗ, ಮುಳುಗಡೆ ಹಕ್ಕುಪತ್ರದಿಂದ ಮೊಬೈಲ್ ರೇಂಜಿನ ತನಕ, ಪ್ರಶ್ನೆ ಕೇಳುವವರು ನೀವಾಗಿ.